ಎರಡು ಗುಡಿಸು, ಒಂದು ದೀರ್ಘ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಇವಳೇ,

ಎರಡು ಹಾಳೆ ಹರಿದು ಹಾಕಿ ಮೂರನೆಯದನ್ನು ಹೀಗೆ ಶುರು ಮಾಡುತ್ತಿದ್ದೇನೆ. ಮೊದಲನೆಯದರಲ್ಲಿ ನಿನ್ನ ಹೆಸರು ಬರೆದೆ, ಯಾರೋ ಬೇರೆಯವರಿಗೆ ಬರೆದ ಹಾಗಿತ್ತು. ಎರಡನೆಯದರಲ್ಲಿ ‘ಪ್ರೀತಿಯ’ ಅಂತ ಬರೆದೆ. ಹನ್ನೊಂದು ತಿಂಗಳು ಒಂದು ಫೋನೂ ಮಾಡದವನ ಕೈಬರಹದಲ್ಲಿ ಆ ಪದ ನೋಡಲು ನನಗೇ ನಾಚಿಕೆಯಾಯಿತು. ಮೂವತ್ತೊಂದು ವರ್ಷ ನಾನು ನಿನ್ನನ್ನು ಕರೆದದ್ದು ‘ಇವಳೇ’ ಅಂತ, ನೀನು ತಿರುಗಿ ನೋಡಿದ್ದೂ ಅದಕ್ಕೇ. ಅದೇ ಇರಲಿ.

ಪತ್ರದ ಜೊತೆ ಒಂದು ಪೊಟ್ಟಣವಿದೆ. ದಯವಿಟ್ಟು ಮೊದಲು ಪತ್ರ ಓದು, ಆಮೇಲೆ ಪೊಟ್ಟಣ ಬಿಚ್ಚು. ಬಟ್ಟೆಯ ಗಂಟು ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ ಅಂತ ಗೊತ್ತಿದ್ದೇ ದಾರವನ್ನು ಬಿಗಿಯಾಗಿ ಕಟ್ಟಿದ್ದೇನೆ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ಮೇಲಿನ ಮನೆಯಲ್ಲಿ ಸಾವಾಯಿತು, ಹೋದ ಮಂಗಳವಾರ. ತೀರಿಕೊಂಡದ್ದು ಗುಮ್ಮಣ್ಣನಲ್ಲ, ಗುಮ್ಮಣ್ಣನ ಹೆಂಡತಿ. ಅವನಿಗೆ ಹೆಂಡತಿ ಎಲ್ಲಿದ್ದಳು ಅಂತ ಈ ಕಟ್ಟಡದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನೀನು ಮಾತ್ರ ಹಾಗೆ ಕೇಳುವುದಿಲ್ಲ. ಮೇಲಿನ ಬಾಲ್ಕನಿಯ ಹಗ್ಗದಲ್ಲಿ ಒಣಗುತ್ತಿದ್ದ ಬಟ್ಟೆ ನೋಡಿ ನೀನು ಅವತ್ತೇ ಹೇಳಿದ್ದೆ, ರೀ, ಅದು ಹಿಂದುಗಡೆ ಲಾಡಿ ಇರೋ ನಿಲುವಂಗಿ, ಎದ್ದು ಕೂರಕ್ಕಾಗದೇ ಇರೋರಿಗೆ ಹಾಕೋದು, ಒಳಗೆ ಯಾರೋ ಮಲಗಿದ್ದಾರೆ ಅಂತ. ಕಂಡವರ ಮನೆ ಹಗ್ಗದ ಮೇಲೆ ನಿನಗೇಕೆ ಕಣ್ಣು ಅಂತ ನಾನು ಬಾಯಿ ಮುಚ್ಚಿಸಿದೆ. ಹೊಲಿಯುವವರು ಬಟ್ಟೆ ನೋಡಿ ಮನುಷ್ಯರನ್ನು ಗುರುತು ಹಿಡಿಯುತ್ತಾರೆ, ಅಕ್ಷರ ನೋಡುವವನಿಗೆ ಆ ಬುದ್ಧಿ ಎಲ್ಲಿಂದ ಬರಬೇಕು.

ಗುಮ್ಮಣ್ಣ ಅಂತ ಹೆಸರಿಟ್ಟವಳು ನೀನೇ. ಎರಡು ವರ್ಷದ ಹಿಂದೆ ನಿನ್ನ ತಂಗಿಯ ಮನೆಗೆ ಹೋಗಿ ನಾವು ವಾಪಸು ಬರುವಷ್ಟರಲ್ಲಿ ಮೂರನೇ ಅಂತಸ್ತಿಗೆ ಯಾರೋ ಬಂದು ಸೇರಿಕೊಂಡಿದ್ದರು. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒರಗಿ ದಾರಿ ಬಿಡುವುದು, ಏನಾದರೂ ಕೇಳಿದರೆ ಹೂಂ ಅನ್ನುವುದು, ಇಷ್ಟೇ ಆ ಮನುಷ್ಯ. ರಿಟೈರಾದ ಬಸ್ ಡ್ರೈವರ್ ಅಂತ ತಿಳಿದಾಗ ನೀನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆ. ‘ಚಾಲಕರೊಡನೆ ಮಾತನಾಡಬೇಡಿ’ ಅನ್ನೋ ಬೋರ್ಡಿನ ಕೆಳಗೆ ಜೀವಮಾನ ಪೂರ್ತಿ ಕೂತಿದ್ರಲ್ಲ, ಅದು ತನಗೇ ಬರೆದಿರೋದು ಅಂದ್ಕೊಂಡಿದ್ದಾರೆ ಪಾಪ ಅಂದೆ. ನಾನೂ ನಕ್ಕೆ. ನಾವಿಬ್ಬರೂ ಒಂದೇ ಮಾತಿಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಇನ್ನು ಮೇಲೆ ಅವರನ್ನು ಡ್ರೈವರು ಅಂತಲೇ ಬರೆಯುತ್ತೇನೆ. ಹೆಂಡತಿಯನ್ನು ಕಳೆದುಕೊಂಡವರಿಗೆ ಅಡ್ಡಹೆಸರು ಚೆನ್ನಾಗಿರುವುದಿಲ್ಲ.

ಬಡಿತ ಶುರುವಾದದ್ದು ನಿನಗೆ ನೆನಪಿದೆಯಲ್ಲ. ಕಿಟಕಿಯ ಪಕ್ಕದಲ್ಲಿ ನೀನು ಮಷೀನು ತುಳಿಯುತ್ತಿದ್ದೆ, ನಾನು ಊಟದ ಮೇಜಿನ ಮೇಲೆ ಪ್ರೂಫ್ ಹರಡಿಕೊಂಡಿದ್ದೆ. ಗಿರಾಕಿ ಬಂದು ಬಾಗಿಲು ತಟ್ಟಿದರು. ನೀನು ಮಷೀನು ನಿಲ್ಲಿಸಿ ಎದ್ದೆ. ಆಗ ನಮ್ಮ ತಲೆಯ ಮೇಲೆ ಧಡ್, ಧಡ್, ಧಡ್. ಸೂರಿನ ಸುಣ್ಣ ನನ್ನ ಪ್ರೂಫಿನ ಮೇಲೆ ಉದುರಿತು. ಆವತ್ತಿನಿಂದ ದಿನಕ್ಕೆ ನಾಲ್ಕು ಸಲ, ಐದು ಸಲ. ಮಷೀನಿನ ಸದ್ದು ಅವನಿಗೆ ಆಗಿಬರಲ್ಲ, ದೊಣ್ಣೆ ತೊಗೊಂಡು ನೆಲ ಕುಟ್ಟುತ್ತಾನೆ ಅಂತ ನಾನು ತೀರ್ಮಾನ ಕೊಟ್ಟೆ. ನೀನು ಸೂಜಿಗೆ ದಾರ ಪೋಣಿಸುತ್ತ, ಅಲ್ಲಾರೀ, ನಡೆಸುವಾಗ ಸುಮ್ಮನಿರ್ತಾರೆ, ನಿಲ್ಲಿಸಿದ ಮೇಲೆ ಬಡೀತಾರೆ, ಬೈಯೋರಾದ್ರೆ ನಡೆಸುವಾಗ ಬೈಬೇಕು ತಾನೆ ಅಂದೆ. ನಿಲ್ಲಿಸಿದ್ದಕ್ಕೆ ಖುಷಿಯಾಗಿ ಚಪ್ಪಾಳೆ ಹೊಡೀತಾನೆ ಅಂತ ನಾನು ಹೇಳಿದೆ. ನನ್ನ ಚಾಣಾಕ್ಷತನ ನನಗೇ ಬಹಳ ಮೆಚ್ಚುಗೆಯಾಗಿತ್ತು.

ಆಮೇಲೆ ನಾನು ಕಟ್ಟಡದ ಕಾರ್ಯದರ್ಶಿಗೆ ದೂರು ಬರೆದೆ. ಮೂರು ಪುಟ. ಒಂದೂ ಕಾಗುಣಿತದ ತಪ್ಪಿಲ್ಲದ ದೂರು. ‘ಉದ್ದೇಶಪೂರ್ವಕವಾಗಿ’, ‘ಹಗೆತನದಿಂದ’, ‘ಶಾಂತಿಭಂಗ’, ಇಂಥವೆಲ್ಲ ಅದರಲ್ಲಿದ್ದವು. ಕೆಳಗಿನ ಅಂತಸ್ತಿನ ಆ ಹಲ್ಲಿನ ಡಾಕ್ಟರು ಕಾರ್ಯದರ್ಶಿಯಾದರೂ ಸಾಧು ಮನುಷ್ಯ. ಅದನ್ನು ಓದಿ ಬೆವರಿ ನನ್ನನ್ನೂ ಡ್ರೈವರನ್ನೂ ತಮ್ಮ ಕ್ಲಿನಿಕ್ಕಿಗೆ ಕರೆದರು. ಡ್ರೈವರು ಹಲ್ಲು ಕೀಳುವ ಕುರ್ಚಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ನಾನು ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಪ್ಪಾಯ್ತು, ಇನ್ಮೇಲೆ ನೋಡ್ಕೋತೀನಿ ಅಂದರು. ಏನು ತಪ್ಪು, ಯಾಕೆ ತಪ್ಪು, ಒಂದೂ ಇಲ್ಲ. ಗೆದ್ದೆ ಅಂತ ನಾನು ಮೆಟ್ಟಿಲು ಹತ್ತಿದೆ. ಮಾರನೆ ದಿನದಿಂದ ಧಡ್ ಅನ್ನುತ್ತಿದ್ದ ಸದ್ದು ದುಬ್ ಆಯಿತು. ಕೋಲಿನ ತುದಿಗೆ ಬಟ್ಟೆ ಸುತ್ತಿದ್ದಾರೆ ಅಂತ ನೀನು ಹೇಳಿದೆ. ಇದೂ ನಿಜವೇ ಆಗಿತ್ತು.

ಅದಾಗಿ ಒಂದು ವಾರಕ್ಕೆ ಬಂದದ್ದು ಆ ಚೀಟಿ.

ಚೀಟಿಯ ವಿಷಯ ಬರೆಯುವ ಮೊದಲು ಮಂಗಳವಾರದ್ದು ಹೇಳಬೇಕು. ಬೆಳಿಗ್ಗೆ ಡಾಕ್ಟರು ಬಂದು, ಮೇಲೆ ಹೋಗಿ ಬರೋಣ, ನಡೀರಿ, ಬದುಕಿದ್ದಾಗಿನ ಜಗಳ ಸಾವಿನ ಮನೆ ತನಕ ಬೇಡ ಅಂದರು. ಹೋದೆ. ನಮ್ಮ ಮನೆಯದೇ ನಕ್ಷೆ ಅದು, ಅದೇ ಹಜಾರ, ಅದೇ ಕಿಟಕಿ. ನಮ್ಮಲ್ಲಿ ನಿನ್ನ ಮಷೀನಿದ್ದ ಜಾಗದಲ್ಲಿ, ಸರಿಯಾಗಿ ಅದರ ನೆತ್ತಿಯ ಮೇಲೆ, ಅವರು ಮಂಚ ಹಾಕಿದ್ದರು. ಮಲಗುವ ಕೋಣೆ ಬಿಟ್ಟು ಹಜಾರದಲ್ಲಿ ಯಾಕೆ ಮಂಚ ಅಂತ ನನಗೆ ಹೊಳೆಯಲಿಲ್ಲ. ಮಂಚದ ಪಕ್ಕದಲ್ಲಿ ಪರದೆ ಹಾಕುವ ಕೋಲೊಂದನ್ನು ಗೋಡೆಗೆ ಒರಗಿಸಿದ್ದರು, ತುದಿಗೆ ಹಳೆಯ ಕಾಲುಚೀಲ ಸುತ್ತಿದ್ದರು. ನೆಲದ ಮೇಲೆ ಅದು ಬಿದ್ದು ಬಿದ್ದು ಒಂದು ಕಡೆ ಬೊಟ್ಟಿನಗಲ ಗುಳಿ ಬಿದ್ದಿತ್ತು.

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ಡಾಕ್ಟರು ಇಳಿದು ಹೋದರು. ನಾನೂ ಏಳುವವನಿದ್ದೆ. ಡ್ರೈವರು ನನ್ನ ಕೈ ಹಿಡಿದು ಕೂರಿಸಿದರು. ಆ ಮನುಷ್ಯ ಅಷ್ಟು ಮಾತಾಡಬಲ್ಲರು ಅಂತ ನಾನು ಎಣಿಸಿರಲಿಲ್ಲ.

ಆಕೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರಂತೆ. ಕಾಲರ್ ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಕೆಲಸ ಬಿಟ್ಟ ಮಾರನೇ ತಿಂಗಳು ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಹೀಗಿರುವ ತನ್ನನ್ನು ಹೊರಗಿನವರು ಯಾರೂ ನೋಡಕೂಡದು, ಇದ್ದೇನೆ ಅಂತ ಕೂಡ ಹೇಳಕೂಡದು ಅಂತ ಎಡಗೈಯಲ್ಲಿ ಬರೆದು ತೋರಿಸಿ ಗಂಡನಿಂದ ಮಾತು ತೆಗೆದುಕೊಂಡಿದ್ದರಂತೆ. ಆ ಮಾತಿಗಾಗಿ ಅವರು ಹಲ್ಲಿನ ಕುರ್ಚಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತು ನನ್ನ ಮೂರು ಪುಟ ಕೇಳಿಸಿಕೊಂಡದ್ದು. ಮನೆಗೆ ಬಂದ ಮೊದಲ ದಿನ ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರಂತೆ. ಕೆಳಗಿನಿಂದ ನಿನ್ನ ಮಷೀನು ಕೇಳಿತು. ತಲೆ ತಿರುಗಿಸಿದರು. ಮಾರನೆ ದಿನ ಡ್ರೈವರು ಒಬ್ಬರೇ ಮಂಚವನ್ನು ಎಳೆದು ಹಜಾರಕ್ಕೆ ತಂದರು.

ಇವಳೇ, ಆಕೆ ಸದ್ದಿನ ಮೇಲೆಯೇ ನೀನು ಏನು ಹೊಲಿಯುತ್ತಿದ್ದೀಯ ಅಂತ ಗುರುತು ಹಿಡಿಯುತ್ತಿದ್ದರಂತೆ. ಉದ್ದಕ್ಕೆ ಓಡಿದರೆ ಪಕ್ಕದ ಹೊಲಿಗೆ, ಸ್ವಲ್ಪ ಓಡಿ ನಿಂತು ಮತ್ತೆ ಓಡಿದರೆ ಕಾಲರ್, ಸುತ್ತಿ ಬಂದರೆ ತೋಳು. ಎಡಗೈಯಲ್ಲಿ ಪೆನ್ಸಿಲು ಹಿಡಿದು ‘ತೋಳು’ ಅಂತ ಬರೆದು ಗಂಡನಿಗೆ ತೋರಿಸುವುದು, ಆಮೇಲೆ ಎಳೆ ಹುಡುಗಿಯ ಹಾಗೆ ನಗುವುದು. ನೀನು ಗಿರಾಕಿ ಬಂದರು ಅಂತ ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದಾಗ ಆಕೆಗೆ ತಡೆಯುತ್ತಿರಲಿಲ್ಲ. ಅದಕ್ಕೇ ಬಡಿತ. ಇನ್ನೂ ಅರ್ಧ ಇದೆ, ಮುಗಿಸು ಅಂತ. ಕಾರ್ಖಾನೇಲೂ ಅಷ್ಟೇ ಕಣ್ರೀ, ಹುಡ್ಗೀರು ಅರ್ಧಕ್ಕೆ ಬಿಟ್ಟು ಎದ್ರೆ ಮೇಜು ಕುಟ್ಟೋಳು ಅಂದರು ಡ್ರೈವರು. ಹಗೆತನದಿಂದ, ಉದ್ದೇಶಪೂರ್ವಕವಾಗಿ.

ಅವರು ಇನ್ನೂ ಮುಗಿಸಿರಲಿಲ್ಲ. ನಿಮಗೆ ಒಂದು ಥ್ಯಾಂಕ್ಸ್ ಹೇಳ್ಬೇಕು ಸಾರ್ ಅಂದರು. ಯಾತಕ್ಕೆ ಗೊತ್ತೇ? ನೀನು ಹೋದ ಮೇಲೂ ಆಕೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ನೀನು ಮಷೀನಿಗೆ ಕೂರುತ್ತಿದ್ದ ಹೊತ್ತಿಗೆ, ಮೂರು ಸಲ ಬಡಿಯುತ್ತಿದ್ದರು. ನಾನು ಕಸಪೊರಕೆಯ ಹಿಡಿ ತಿರುಗಿಸಿ ಸೂರಿಗೆ ಮೂರು ಸಲ ಕುಟ್ಟುತ್ತಿದ್ದೆ, ಬಾಯಿಗೆ ಬಂದದ್ದು ಬೈಯುತ್ತ. ಬೈಗುಳ ಮೇಲಕ್ಕೆ ಕೇಳಿಸಲಿಲ್ಲ, ಕುಟ್ಟಿದ್ದು ಕೇಳಿಸಿತು. ಮಷೀನ್ ಇಲ್ದಿದ್ರೂ ಕೆಳಗಿನೋರು ಇದ್ದಾರೆ, ಜವಾಬು ಕೊಡ್ತಾರೆ ಅಂತ ಸಮಾಧಾನ ಅವಳಿಗೆ, ನೀವು ಜವಾಬು ಕೊಟ್ಟ ಮೇಲೇ ಬಾಯಿಗೆ ಚಮಚ ತೊಗೋಳ್ತಿದ್ಳು ಅಂದರು ಆ ಮನುಷ್ಯ. ನನ್ನ ಎರಡೂ ಕೈ ಹಿಡಿದುಕೊಂಡು ಅಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಹೌದು ಅಂತ ತಲೆ ಆಡಿಸಿದೆ. ಅತ್ತೆ, ಥೂ ನನ್ನ ಜನ್ಮಕ್ಕೆ ಅಂತ ಅತ್ತೆ. ಅವರು ನನ್ನನ್ನೇ ಸಮಾಧಾನ ಮಾಡಿದರು.

ಆಮೇಲೆ ಕೇಳಿದರು, ಅವಳು ಅರ್ಧ ಗಂಟೆ ದಿಂಬಿಗೆ ಒರಗಿ ಒಂದು ಚೀಟಿ ಬರೆದಿದ್ಳು, ನಾನೇ ನಿಮ್ಮ ಬಾಗಿಲ ಕೆಳಗೆ ತಳ್ಳಿದ್ದೆ, ಸಿಕ್ಕಿತ್ತಾ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಗಿಯ ಜೇಬು ಮುಟ್ಟಿಕೊಂಡೆ. ಸಿಕ್ಕಿತ್ತು, ಆದರೆ ಅವಳು ಅವಸರದಲ್ಲಿ ತಂಗಿ ಮನೆಗೆ ಹೋಗಬೇಕಾಯಿತು ಅಂದೆ. ಹೌದಾ, ಪಾಪ ಅಂದರು.

ಈಗ ಆ ಚೀಟಿ. ಅವತ್ತು ನೀನು ದಾರದುಂಡೆ ತರಲು ಹೋಗಿದ್ದೆ. ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲು. ನೀನು ಬಂದಾಗ ಕೈಗೆ ಕೊಟ್ಟೆ. ‘ಮಷೀನ್ ನಿಲ್ಲಿಸಿಬಿಡಿ’. ನೀನು ಚಪ್ಪಲಿಯನ್ನೂ ಬಿಡದೆ ನಿಂತು ಓದಿದೆ, ಅಕ್ಷರಗಳ ಮೇಲೆ ಬೆರಳಾಡಿಸಿದೆ, ಪಾಪ, ಎಷ್ಟು ಕಷ್ಟಪಟ್ಟು ಬರೆದಿದ್ದಾರೆ ಅಂದೆ. ಬೈಯಲಿಲ್ಲ, ಅಳಲಿಲ್ಲ. ಮೇಲೆ ಹೋಗಿ ಕ್ಷಮೆ ಕೇಳಿ ಬರ್ತೀನಿ ಅಂತ ಎರಡು ಮೆಟ್ಟಿಲು ಹತ್ತಿಯೂ ಬಿಟ್ಟೆ. ನಮಗೆ ಮಾನ ಮರ್ಯಾದೆ ಇಲ್ವಾ ಅಂತ ನಾನು ಕೂಗಿ ಕೆಳಕ್ಕೆ ಕರೆದೆ. ನೀನು ಇಳಿದು ಬಂದು ಮಷೀನಿನ ಮೇಲೆ ಹಳೆಯ ಹಾಸಿಗೆ ಬಟ್ಟೆ ಮುಚ್ಚಿದೆ. ಅರ್ಧ ಹೊಲಿದ ಯಾರದೋ ಪ್ಯಾಂಟು ಅದರೊಳಗೇ ಉಳಿಯಿತು.

ಆಕೆ ಬರೆದದ್ದು ಹಾಗಲ್ಲ ಇವಳೇ. ಡ್ರೈವರು ಹೇಳಿದರು. ಆಕೆ ಬರೆದದ್ದು ‘ಮಷೀನ್ ನಿಲ್ಲಿಸಬೇಡಿ’. ಎರಡು ಗುಡಿಸು, ಒಂದು ದೀರ್ಘ, ಇಷ್ಟರಲ್ಲಿದೆ ವ್ಯತ್ಯಾಸ. ಎಡಗೈ ಬರಹ, ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ತಲೆಕಟ್ಟು ಯಾವುದು, ಗುಡಿಸು ಯಾವುದು, ಏತ್ವ ಯಾವುದು ತಿಳಿಯುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು ಐದಕ್ಷರದ ಒಂದು ಪದ ತಪ್ಪು ಓದಿದೆ. ಕಣ್ಣು ಎದುರಿಗಿರುವುದನ್ನು ಓದುವುದಿಲ್ಲ, ಮನಸ್ಸು ಬಯಸಿದ್ದನ್ನು ಓದುತ್ತದೆ, ಅದಕ್ಕೇ ಬರೆದವನೇ ಪ್ರೂಫ್ ನೋಡಬಾರದು ಅಂತ ಹೊಸ ಹುಡುಗರಿಗೆ ನಾನೇ ಪಾಠ ಹೇಳುತ್ತಿದ್ದೆ. ಚೀಟಿ ಈಗ ಎಲ್ಲಿದೆಯೋ, ಎಲ್ಲೋ ಕಳೆದುಹೋಗಿದೆ. ಇದ್ದಿದ್ದರೆ ನಿನಗೆ ತೋರಿಸುತ್ತಿದ್ದೆ.

ನನ್ನ ಮನಸ್ಸು ಬಯಸಿದ್ದು ಏನು ಅಂತ ನೀನು ಕೇಳಬಹುದು. ಹೇಳುತ್ತೇನೆ. ಆ ಮಷೀನಿನ ಮೇಲೆ ನನಗೆ ಸಿಟ್ಟಿತ್ತು. ಅದು ಬರುವ ಮೊದಲು ಸಂಜೆಗಳು ಹೇಗಿದ್ದವು ಅಂತ ನೆನಪು ಮಾಡಿಕೋ. ನೀನು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಪ್ರೂಫ್ ಹಿಡಿದು ಗುರುತು ಹಾಕುವುದು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ನಿನ್ನ ಬಾಯಲ್ಲಿ ಬರುತ್ತಿತ್ತು. ಅಲ್ಲಿ ಗುಡಿಸು ಇದೆಯೇನೇ ಅಂತ ನಾನು ಕೇಳಿದರೆ, ಬೆಳಿಗ್ಗೆನೇ ಗುಡಿಸಿ ಆಯ್ತು, ಎಷ್ಟು ಸಲ ಗುಡಿಸಲಿ ಅನ್ನುತ್ತಿದ್ದೆ. ಸಾವಿರ ಸಲ ಹೇಳಿದ್ದೀಯ, ಸಾವಿರ ಸಲ ನಕ್ಕಿದ್ದೇನೆ. ಪ್ರೆಸ್ಸಿನಲ್ಲಿ ಪ್ರೂಫ್ ವಿಭಾಗ ಮುಚ್ಚಿದರು, ನಾನು ಹೊರಗಿನ ಪ್ರೂಫ್ ತಂದು ಮನೆಯಲ್ಲೇ ನೋಡತೊಡಗಿದೆ, ನೀನು ಮಷೀನಿಗೆ ಕೂತೆ. ನೋಡ ನೋಡುತ್ತಿದ್ದ ಹಾಗೆ ಕಟ್ಟಡದವರಿಗೆಲ್ಲ ನೀನು ಟೈಲರಮ್ಮನಾದೆ, ನಾನು ಟೈಲರಮ್ಮನ ಮನೆಯವರಾದೆ. ಯಜಮಾನ್ರೇ, ನನ್ನ ಪ್ಯಾಂಟ್ ಆಯ್ತಾ ಕೇಳಿ ಅಂತ ನನ್ನ ಪ್ರೂಫಿನ ಮೇಲೆ ಗಂಟು ಇಟ್ಟು ಹೋಗುತ್ತಿದ್ದರು. ಸಂಜೆ ಓದಿ ಹೇಳೇ ಅಂದರೆ, ಇದೊಂದು ತೋಳು ಮುಗಿಸ್ತೀನಿ ರೀ ಅನ್ನುತ್ತಿದ್ದೆ. ಆ ತೋಳು ಮುಗಿಯುತ್ತಲೇ ಇರಲಿಲ್ಲ. ಗಂಡಸಿಗೆ ಹೆಂಡತಿಯ ಮಷೀನಿನ ಮೇಲೆ ಹೊಟ್ಟೆಕಿಚ್ಚು ಅಂದರೆ ಯಾರಾದರೂ ನಗುತ್ತಾರೆ, ಆದರೆ ನಿಜ.

ಮಷೀನು ಮುಚ್ಚಿದ ಮೇಲೆ ಮೂರು ತಿಂಗಳು ನೀನು ನನಗೆ ಓದಿ ಹೇಳಿದೆ. ಬೇಡಿದ್ದು ಸಿಕ್ಕಿತು ಅಂತ ನಾನಂದುಕೊಂಡೆ. ನೀನು ಅಕ್ಷರ ಬಿಡದೆ ಓದುತ್ತಿದ್ದೆ, ಅಷ್ಟೇ. ಗುಡಿಸು ಇದೆಯಾ ಅಂದರೆ ಇದೆ ಅನ್ನುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಮೇಲೆ ಮೂರು ಸಲ ದುಬ್ ಅಂದಾಗ ತಲೆ ಎತ್ತಿ ಸೂರು ನೋಡುತ್ತಿದ್ದೆ. ನಿಲ್ಲಿಸಿದ್ರೂ ಬಡೀತಾರಲ್ಲ, ಇನ್ನೇನು ತಪ್ಪು ಮಾಡ್ತಿದ್ದೀನಿ ನಾನು ಅಂತ ಕೇಳಿದೆ. ಹಗೆ ಹಿಡಿದವನಿಗೆ ನೀನು ಉಸಿರಾಡುವುದೂ ತಪ್ಪೇ ಅಂತ ನಾನು ಹೇಳಿದೆ. ಆಮೇಲೆ ನೀನು ಮನೆಯಲ್ಲಿ ತುದಿಗಾಲಲ್ಲಿ ನಡೆಯತೊಡಗಿದೆ. ಪಾತ್ರೆಯನ್ನು ಬಟ್ಟೆ ಹಾಸಿ ಇಡುತ್ತಿದ್ದೆ. ನಿನ್ನ ತಂಗಿ ಒಂದು ಕೋಣೆ ಖಾಲಿ ಇದೆ ಅಂದಾಗ ನಾಲ್ಕು ದಿನ ಇದ್ದು ಬರ್ತೀನಿ ಅಂತ ಹೊರಟೆ. ನಾಲ್ಕು ದಿನಕ್ಕೆ ಯಾರೂ ಮಷೀನು ಕಟ್ಟಿಸಿಕೊಂಡು ಹೋಗುವುದಿಲ್ಲ. ಬಾಗಿಲಲ್ಲಿ ನಿಂತು, ಯಾರಿಗೂ ತೊಂದ್ರೆ ಆಗದೇ ಇರೋ ಕಡೆ ಹೋಗ್ತೀನಿ ರೀ ಅಂದೆ. ಬೇಡ ಅನ್ನಲು ನನಗೆ ಬಾಯಿತ್ತು. ಗಾಡಿಯವನಿಗೆ ಮೆಟ್ಟಿಲ ತಿರುವಿನಲ್ಲಿ ಹುಷಾರು ಅಂತ ಹೇಳುತ್ತ ನಿಂತೆ.

ಈಗ ಪೊಟ್ಟಣ ಬಿಚ್ಚಬಹುದು. ಅದರಲ್ಲಿ ಬೂದು ಬಣ್ಣದ ಒಂದು ಗಂಡಸರ ಅಂಗಿ ಇದೆ. ಕೆಲಸ ಬಿಟ್ಟು ಬಂದ ಮೇಲೆ ಗಂಡನಿಗಾಗಿ ಆಕೆ ಹೊಲಿಯಲು ಹಿಡಿದದ್ದು. ಕಾಲರ್ ಕೂರಿಸಿದ್ದಾರೆ. ನಾನು ಹೊಲಿಗೆ ಬಲ್ಲವನಲ್ಲ, ಆದರೂ ಅಂಥ ಕಾಲರ್ ಇನ್ನೊಂದಿರಲಿಕ್ಕಿಲ್ಲ. ಎಡಗಡೆಯ ತೋಳು ಹಾಕಿದ್ದಾರೆ. ಬಲಗಡೆಯದನ್ನು ಕತ್ತರಿಸಿ ಮಡಿಸಿಟ್ಟಿದ್ದರು. ಮಾರನೆ ಬೆಳಿಗ್ಗೆ ಲಕ್ವ. ಡ್ರೈವರು ಇದನ್ನು ಬುಧವಾರ ನನ್ನ ಹತ್ತಿರ ತಂದರು. ಯಾವ ಅಂಗಡಿಯಲ್ಲಾದರೂ ಐದು ನಿಮಿಷದಲ್ಲಿ ಹಾಕಿಕೊಡುತ್ತಾರಲ್ಲ ಅಂತ ನಾನು ಬಾಯಿ ಜಾರಿ ಹೇಳಿದೆ. ಬೇಡ ಸಾರ್, ಟೈಲರಮ್ಮನೇ ಹಾಕ್ಲಿ, ಆ ಮಷೀನಲ್ಲೇ ಆಗ್ಲಿ, ಅದರ ಸದ್ದು ಅವಳಿಗೆ ಗೊತ್ತು ಅಂದರು. ಗೊತ್ತಿತ್ತು ಅನ್ನಲಿಲ್ಲ, ಗೊತ್ತು ಅಂದರು. ನಾನು ತಿದ್ದಲಿಲ್ಲ.

ನೀನು ಅಲ್ಲೇ ಹೊಲಿದು ಅಂಚೆಯಲ್ಲಿ ಕಳಿಸಿದರೂ ಆದೀತು. ಅಥವಾ ತರಬಹುದು. ಕಿಟಕಿಯ ಪಕ್ಕದಲ್ಲಿ ಮಷೀನಿನ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಹಾಗೇ ಇದೆ, ನಾನು ಅಲ್ಲಿ ಏನೂ ಇಟ್ಟಿಲ್ಲ. ಸೀಮೆಸುಣ್ಣದ ಒಂದು ಚೂರು ಸಿಕ್ಕಿತ್ತು, ಕಿಟಕಿಯ ಮೇಲಿಟ್ಟಿದ್ದೇನೆ. ಕಣ್ಣಿಗೆ ಈಗ ಪೊರೆ ಬಂದಿದೆಯಂತೆ, ಪ್ರೂಫ್ ತರುವುದನ್ನು ಬಿಟ್ಟಿದ್ದೇನೆ, ಆದ್ದರಿಂದ ಓದಿ ಹೇಳು ಅಂತ ಯಾರೂ ನಿನ್ನನ್ನು ಪೀಡಿಸುವುದಿಲ್ಲ. ನೀನು ದಿನವಿಡೀ ತುಳಿದರೂ ನಾನು ಪಕ್ಕದಲ್ಲಿ ಕೂತು ಗುಂಡಿ ಕಟ್ಟುತ್ತೇನೆ, ಕಲಿಸಿದರೆ. ಹತ್ತು ಗಂಟೆಗೆ ಮೇಲಿನಿಂದ ಈಗ ಏನೂ ಕೇಳುವುದಿಲ್ಲ. ಹತ್ತು ಗಂಟೆಗೆ ನಾನು ಪೊರಕೆ ಹಿಡಿದು ಹಜಾರದಲ್ಲಿ ನಿಂತಿರುತ್ತೇನೆ, ನೋಡಿದವರು ಮನೆ ಗುಡಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಬಾ ಇವಳೇ. ಓದುವುದರಲ್ಲಿ ತಪ್ಪಿದ್ದಕ್ಕೆ ನನ್ನನ್ನು ಕ್ಷಮಿಸು.

ಇಂತಿ,
‘ಏನ್ರೀ’ ಅಂತ ನೀನು ಕರೆದರೆ ತಿರುಗಿ ನೋಡುವವನು

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಸಲ ಓದುವುದು ನನ್ನ ಅಭ್ಯಾಸ. ಓದಿದೆ. ತಪ್ಪು ಸಿಕ್ಕಿತು. ಬಿಟ್ಟು ಅಂಟಿಸಲು ನೋಡಿದೆ, ಕೈ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿಕ್ಕಾದರೂ ನೀನು ಬರಬೇಕು.

ಚೀಟಿ ಕಳೆದಿಲ್ಲ. ಹದಿನಾಲ್ಕು ತಿಂಗಳು ನನ್ನ ನಿಘಂಟಿನೊಳಗಿತ್ತು. ಮಂಗಳವಾರ ಮೇಲೆ ಹೋಗುವಾಗ ಯಾಕೋ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಈಗ ಆ ಬೂದು ಅಂಗಿಯ ಜೇಬಿನಲ್ಲಿದೆ.

ನಾನು ತಪ್ಪು ಓದಲಿಲ್ಲ. ಬಾಗಿಲಲ್ಲಿ ಬಗ್ಗಿ ಎತ್ತಿಕೊಂಡಾಗಲೇ ಸರಿಯಾಗಿ ಓದಿದೆ. ಎಡಗೈ ಬರಹವಾದರೂ ಐದಕ್ಷರವೂ ಸ್ಪಷ್ಟವಾಗಿದ್ದವು. ಇದು ವ್ಯಂಗ್ಯ, ನಿಲ್ಲಿಸಬೇಡಿ, ಕುಣೀರಿ ಕುಣೀರಿ ಅಂತ ಮೇಲಿನ ಮನೆಯವನು ಅಣಕಿಸುತ್ತಿದ್ದಾನೆ, ಅವನ ಮನಸ್ಸಿನಲ್ಲಿರುವ ಅರ್ಥವನ್ನೇ ನಾನು ಬಿಡಿಸಿ ಬರೆಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಅದನ್ನು ನಾನು ಆಗಲೂ ನಂಬಿರಲಿಲ್ಲ. ಮೇಜಿನ ಮೇಲೆ ಪೆನ್ಸಿಲಿತ್ತು, ರಬ್ಬರಿತ್ತು. ನೀನು ಮೇಲೆ ಹೋಗದಂತೆ ಕೂಗಿ ಕರೆದದ್ದು ಮರ್ಯಾದೆಗಾಗಿ ಅಲ್ಲ. ಸ ಅಕ್ಷರದ ಮೇಲಿನ ಗುಡಿಸು ನನ್ನದು. ಬ ಅಕ್ಷರದ ಮೇಲಿನದೂ ನನ್ನದೇ. ಕಿಟಕಿಯ ಬೆಳಕಿಗೆ ಹಿಡಿದು ನೋಡು, ಪಕ್ಕದಲ್ಲಿ ಅಳಿಸಿದ ದೀರ್ಘ ಇನ್ನೂ ಕಾಣುತ್ತದೆ. ಆಕೆ ಪೆನ್ಸಿಲನ್ನು ಬಹಳ ಒತ್ತಿ ಬರೆದಿದ್ದರು.